ಕೇಕ್ ಬಂದ ಶುಕ್ರವಾರ

"ಬಾಗಿಲಿಗೆ ಕ್ಯಾಮೆರಾ?"

"ಇಲ್ಲ."

"ಬಂದುಹೋದವರ ಹೆಸರು?"

"ಬರ್ಕೊಳ್ಳಲ್ಲ."

"ಯಾರು ಯಾವ ಕಂಪ್ಯೂಟರಿಗೆ ಯಾವಾಗ ಕೈ ಹಾಕಿದ್ರು ಅನ್ನೋದಾದ್ರೂ?"

"ಅಳಿಸ್ತೀವಿ, ಫ್ರೌ ಹಾಂಕೆ. ಯಾವಾಗ ಅಳಿಸಿದ್ವಿ ಅನ್ನೋದನ್ನೂ ಬರ್ಕೊಳ್ಳಲ್ಲ." ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಟಿಲ್ಮನ್ ರೋಸ್ಟ್ ಇದನ್ನು ಹೆಮ್ಮೆಯಿಂದಲೇ ಹೇಳಿದ.

ಗಿಟ್ಟಾ ಹಾಂಕೆ ಪೆನ್ನನ್ನು ಮೇಜಿನ ಮೇಲೆ ಎಸೆದಳು. ಲೈಪ್‌ಜಿಗ್ ಪೊಲೀಸಿನಲ್ಲಿ ಅರ್ಧ ಆಯಸ್ಸು ಕಳೆದು, ಈಗ ಸ್ವಂತ ಪತ್ತೇದಾರಿಕೆ ನಡೆಸುವ ಹೆಂಗಸು ಅವಳು. ಕಳ್ಳರು ಗುರುತು ಅಳಿಸುವುದನ್ನು ಬೇಕಾದಷ್ಟು ನೋಡಿದ್ದಳು. ಕನ್ನ ಬಿದ್ದ ಮನೆಯವರೇ ಗುರುತು ಅಳಿಸಿ, ಆ ಸೇವೆಗೆ ಊರವರಿಂದ ದುಡ್ಡನ್ನೂ ತೆಗೆದುಕೊಳ್ಳುವುದನ್ನು ನೋಡುತ್ತಿರುವುದು ಇದೇ ಮೊದಲು.

"ಹಾಗಾದ್ರೆ ಈ ಕಟ್ಟಡದಲ್ಲಿ ನೀವು ಏನನ್ನ ಇಟ್ಕೊಂಡಿದ್ದೀರಿ?"

"ಏನೂ ಇಲ್ಲ. ಅದಕ್ಕೇ ಅಲ್ವಾ ಜನ ದುಡ್ಡು ಕೊಡೋದು?"

ಅದು ನಿಜವೇ. ಊರಿನ ನದಿಯ ಹೆಸರಿಟ್ಟುಕೊಂಡ 'ಪ್ಲೈಸೆ' ಎಂಬ ಈ ಹುಡುಕುತಾಣದಲ್ಲಿ ಜಾಹೀರಾತಿಲ್ಲ, ಯಾರು ಏನು ಹುಡುಕಿದರೆಂಬ ನೆನಪಿಲ್ಲ. ಗಿರಾಕಿಯ ಹೆಸರೂ ಬೇಡ. ಕವರಿನಲ್ಲಿ ನೋಟಿಟ್ಟು, ಮೇಲೊಂದು ಸಂಖ್ಯೆ ಬರೆದು ಅಂಚೆಗೆ ಹಾಕಿದರೆ ತಿಂಗಳಿಡೀ ಹುಡುಕಬಹುದು.

ಕಳೆದ ವಾರ ಅಂಥ ಹೆಸರಿಲ್ಲದ ಗಿರಾಕಿಯೊಬ್ಬಳು ಫೋನ್ ಮಾಡಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು, ಪುಟ್ಟ ಮಗಳೊಂದಿಗೆ ಒಂದು ಸಣ್ಣ ಊರಿನಲ್ಲಿ ಅಡಗಿದ್ದವಳು. ಆ ಗಂಡ ಅಲ್ಲಿಗೇ ಬಂದು, ಬಾಗಿಲ ಹೊರಗೆ ನಿಂತು, ಅವಳು ಪ್ಲೈಸೆಯಲ್ಲಿ ಹುಡುಕಿದ ಮಾತುಗಳನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದನಂತೆ. ನೆರೆಯವರು ಕೂಡಿದ್ದರಿಂದ ಅವಳು ಬದುಕಿಕೊಂಡಳು, ಬೇರೆ ಊರಿಗೆ ಓಡಿದಳು.

ಯಾವ ಊರು? ಹೇಳಲಿಲ್ಲ. ಫೋನ್ ನಂಬರು? ಮುಚ್ಚಿಟ್ಟಿದ್ದಳು. ಅವಳಿಗೆ ಎಚ್ಚರಿಕೆ ಕೊಡೋಣವೆಂದರೆ, ಅವಳು ಯಾರೆಂದು ತಮಗೂ ಗೊತ್ತಾಗದಂತೆ ಇವರೇ ಕಟ್ಟಿಕೊಂಡು ಕೂತಿದ್ದರು. ಮಾತು ಸೋರುವ ತೂತನ್ನು ಹುಡುಕಲೆಂದೇ ಗಿಟ್ಟಾಳನ್ನು ಕರೆಸಿದ್ದರು. ಅದನ್ನು ಮುಚ್ಚದಿದ್ದರೆ ಆ ಗಂಡ ಎರಡನೆಯ ಸಲವೂ ಬಾಗಿಲು ಬಡಿಯುತ್ತಾನೆ. ಎರಡನೆಯ ಸಲ ನೆರೆಯವರು ಮನೆಯಲ್ಲಿರುತ್ತಾರೆಂದು ಯಾರು ಹೇಳಬಲ್ಲರು?

ಬಾಗಿಲಲ್ಲಿ ವೆಂಕೆ ತಲೆ ಹಾಕಿದಳು. ಗಿರಾಕಿಗಳ ದೂರುಗಳನ್ನು ನೋಡಿಕೊಳ್ಳುವ ದುಂಡುಮುಖದ ಹೆಂಗಸು. "ಟಿಲ್ಮನ್, ಕೇಕ್ ಬಂದಿದೆ. ಐದು ನಿಮಿಷದಲ್ಲಿ ಬಾ. ಫ್ರೌ ಹಾಂಕೆ, ನಿಮಗೂ ಒಂದು ತುಂಡು ಇಡ್ತೀನಿ."

"ಕೇಕ್ ಬೇಡಮ್ಮ. ನನಗೆ ಉತ್ತರ ಬೇಕು."

"ಅದು ನಮ್ಮ ಅಡುಗೆಮನೇಲಿ ಸಿಗಲ್ಲ," ಎಂದು ನಕ್ಕು ವೆಂಕೆ ಹೋದಳು.

ಅವಳು ಹೋದದ್ದೇ ತಡ, ಟಿಲ್ಮನ್‌ನ ಫೋನ್ ಬಡಿದುಕೊಂಡಿತು. ಅವನು ಗುಂಡಿ ಒತ್ತಿ ಕಿವಿಗೆ ಹಿಡಿಯುವಷ್ಟರಲ್ಲೇ ಆ ಕಡೆಯಿಂದ ಮುದುಕಿಯೊಬ್ಬಳ ಹಾಡು ಕೋಣೆಯೆಲ್ಲ ಕೇಳಿಸಿತು. ಹುಟ್ಟುಹಬ್ಬದ ಹಾಡು. ಟಿಲ್ಮನ್‌ನ ಕಿವಿ ಕೆಂಪಾಯಿತು. "ಆಯ್ತಮ್ಮ. ಆಯ್ತು. ಥ್ಯಾಂಕ್ಸ್. ಸಂಜೆ ಬರ್ತೀನಿ. ಈಗ ಇಡಮ್ಮ."

ಗಿಟ್ಟಾ ಎದ್ದು ಕೈ ನೀಡಿದಳು. "ಶುಭಾಶಯ. ನೀವು ಹೇಳಲೇ ಇಲ್ಲ."

"ಅದೇನು ದೊಡ್ಡ ವಿಷಯ ಬಿಡಿ."

ಕೈ ಕುಲುಕುತ್ತಿದ್ದಂತೆ ಗಿಟ್ಟಾಳ ಕೈ ಹಾಗೇ ನಿಂತಿತು. ನಿನ್ನೆ ಮಾತಿನ ಮಧ್ಯೆ ವೆಂಕೆ ಹೇಳಿದ್ದಳಲ್ಲ, ಮೂರು ವಾರದ ಹಿಂದೆ ಟಿಲ್ಮನ್‌ನ ಹುಟ್ಟುಹಬ್ಬಕ್ಕೆ ಬೇಕರಿಯ ಮೊಟ್ಟೆ ಕೇಕ್ ತಿಂದೆವು, ಅವನ ಸೋದರಮಾವನೂ ಬಂದಿದ್ದರು, ಎಂಥ ಸಭ್ಯ ಮನುಷ್ಯ ಎಂದು.

ಹುಟ್ಟುಹಬ್ಬ ಕಳೆದ ಮೇಲೆ ಎಷ್ಟು ದಿನಕ್ಕೆ ಬೇಕಾದರೂ ಕೇಕ್ ಕೊಡಿಸಬಹುದು. ಮುಂಚೆ ಕೊಡಿಸುವವನು ಈ ದೇಶದಲ್ಲೇ ಇಲ್ಲ. ಮುಂಚೆ ಶುಭಾಶಯ ಹೇಳಿದರೆ ಅಪಶಕುನವೆಂದು ದೇವರನ್ನು ನಂಬದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಗಿಟ್ಟಾಳ ಸ್ವಂತ ಅಣ್ಣ, ಹಿಂದಿನ ಸಂಜೆ ಶುಭಾಶಯ ಹೇಳಿದ ಹೆಂಡತಿಯೊಡನೆ ಇಡೀ ದಿನ ಮಾತು ಬಿಟ್ಟಿದ್ದ.

"ಹೆರ್ ರೋಸ್ಟ್, ಮೂರು ವಾರದ ಹಿಂದೆ ಯಾರ ಹುಟ್ಟುಹಬ್ಬ?"

ಅವನು ಕೈ ಬಿಡಿಸಿಕೊಂಡ.

"ವೆಂಕೆಗೆ ನಿಮ್ಮ ಹುಟ್ಟಿದ ದಿನ ಗೊತ್ತಿಲ್ವಾ?"

"ಇಲ್ಲಿ ಯಾರದ್ದೂ ಯಾರಿಗೂ ಗೊತ್ತಿಲ್ಲ. ಗೋಡೆ ಮೇಲೆ ಬರೆದು ಹಾಕೋದು ತಪ್ಪು ಅಂತ ನಾವೇ ತೀರ್ಮಾನ ಮಾಡಿದ್ವಿ. ಅದು ಸ್ವಂತ ಮಾಹಿತಿ."

"ಭೇಷ್. ಅಂದ್ರೆ ಯಾರು ಕೇಕ್ ತಂದ್ರೂ ಅವರು ಅವತ್ತೇ ಹುಟ್ಟಿದವರು. ಆ ಸೋದರಮಾವನೂ ಹೀಗೇ ಅವತ್ತೇ ಹುಟ್ಟಿದವನಾ?"

ಟಿಲ್ಮನ್ ಕಿಟಕಿಯಾಚೆಯ ಕಾಲುವೆಯನ್ನು ನೋಡಿದ. ಪುಣ್ಯಾತ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಆಂಟ್ಯೆನ ಕೇಳಿ," ಎಂದ. "ನಾನು ಮಾತು ಕೊಟ್ಟಿದ್ದೀನಿ."

ಆಂಟ್ಯೆ ಪೆಟ್ಸೋಲ್ಡ್ ಪ್ಲೈಸೆಯನ್ನು ಕಟ್ಟಿದವಳು. ದೇಶವನ್ನು ಸೀಳಿದ್ದ ಗೋಡೆ ಬೀಳುವ ಮುಂಚಿನ ಕಾಲದಲ್ಲಿ ಅವಳ ತಂದೆಯ ಒಂದೊಂದು ಮಾತನ್ನೂ ಪಕ್ಕದ ಮನೆಯವನು ಸರ್ಕಾರಕ್ಕೆ ವರದಿ ಮಾಡಿದ್ದ. ಅದಕ್ಕೇ ಈ ತಾಣ ಎಂದು ಅವಳು ಎಲ್ಲ ಪತ್ರಿಕೆಗಳಿಗೂ ಹೇಳಿಕೊಂಡಿದ್ದಳು. ಇದು ಗಿರಾಕಿಗಳ ದುಡ್ಡಿನಿಂದಲೇ ನಡೆಯುತ್ತದೆ, ಹೂಡಿಕೆದಾರನ ಒಂದು ಕಾಸನ್ನೂ ಮುಟ್ಟುವುದಿಲ್ಲ ಎಂದೂ ಹೇಳಿದ್ದಳು.

ಗಿಟ್ಟಾ ಬಾಗಿಲು ತಟ್ಟದೆ ಒಳಗೆ ಹೋದಳು.

"ನಿಮ್ಮ ಟಿಲ್ಮನ್‌ಗೆ ಇವತ್ತು ಹುಟ್ಟುಹಬ್ಬ. ಮೂರು ವಾರದ ಹಿಂದೆ ನೀವು ಅವನಿಗೆ ಇನ್ನೊಂದು ಹುಟ್ಟುಹಬ್ಬ ಮಾಡಿಸಿದ್ರಂತೆ."

ಆಂಟ್ಯೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕೂ ನಿಮ್ಮ ಕೆಲಸಕ್ಕೂ ಏನು ಸಂಬಂಧ?"

"ಅದನ್ನ ನಾನು ಹೇಳ್ತೀನಿ. ಆ ಮಾವ ಯಾರು?"

"ಅದು ಕಂಪನಿ ವ್ಯವಹಾರ."

"ನೋಡಿ, ಒಂಬತ್ತು ದಿನದಿಂದ ಈ ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಹೋಗಿದೆ. ಏನು ಕೇಳಿದ್ರೂ ಇಲ್ಲ, ಅಳಿಸಿದೀವಿ, ಗೊತ್ತಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡ್ರೆ ಗೋಡೆಯಾದ್ರೂ ಸದ್ದು ಮಾಡುತ್ತೆ. ಇವತ್ತು ಮೊದಲ ಸಲ ನಿಮ್ಮಲ್ಲಿ ಯಾರಿಗೋ ಏನೋ ಗೊತ್ತಿದೆ ಅಂತಾಯ್ತು. ನೀವು ಅದನ್ನ ಹೇಳೋವರೆಗೂ ನಾನು ಈ ಕೋಣೆ ಬಿಡೋದಿಲ್ಲ."

ಆಂಟ್ಯೆ ಎದ್ದು ಬಾಗಿಲು ಮುಚ್ಚಿದಳು. ಮುಖದಲ್ಲಿ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು.

"ದುಡ್ಡು ಹಾಕ್ತೀನಿ ಅಂತ ಬಂದಿದ್ದ ಒಬ್ಬ. ಜಾಹೀರಾತು ಬೇಡ, ಲಾಭ ಬೇಡ, ನಿಮ್ಮ ಉದ್ದೇಶ ಇಷ್ಟ ಆಯ್ತು ಅಂದ. ನಾನೂ ಮನುಷ್ಯಳೇ, ಫ್ರೌ ಹಾಂಕೆ. ದೊಡ್ಡ ತಾಣದವರ ಹತ್ರ ಊರಗಲದ ಯಂತ್ರಗಳಿವೆ. ನಮ್ಮದು ಎರಡು ಕೋಣೆ. ಗಿರಾಕಿಗಳೋ, ಕೊಟ್ಟ ಐದು ಯೂರೋಗೆ ಐವತ್ತು ತಪ್ಪು ತೋರಿಸ್ತಾರೆ. ಹುಡುಗರಿಗೆ ಗೊತ್ತಾದ್ರೆ ರಂಪ ಮಾಡ್ತಾರೆ ಅಂತ ಟಿಲ್ಮನ್‌ನ ಮಾವ, ಹುಟ್ಟುಹಬ್ಬಕ್ಕೆ ಬಂದಿದ್ದಾರೆ ಅಂದ್ವಿ. ಇಷ್ಟೇ."

"ಕೇಕ್ ಯಾಕೆ?"

"ನಮ್ಮ ಶುಕ್ರವಾರ ನೋಡ್ಬೇಕು ಅಂದ. ಪತ್ರಿಕೇಲಿ ಓದಿದ್ದನಂತೆ. ಕೇಕ್ ಇಲ್ಲದೆ ಶುಕ್ರವಾರ ಇಲ್ಲ."

"ಶುಕ್ರವಾರ ಏನು ಮಾಡ್ತೀರಿ?"

"ದೂರು ಓದ್ತೀವಿ."

ಗಿಟ್ಟಾ ನಿಧಾನವಾಗಿ ಕೂತಳು. "ಯಾವ ದೂರು? ಒಂಬತ್ತು ದಿನದಿಂದ ನನಗೆ ಯಾರೂ ಈ ದೂರಿನ ಓದು ಅಂತ ಹೇಳೇ ಇಲ್ಲವಲ್ಲ."

"ನೀವು ಕೆಲಸದ ಬಗ್ಗೆ ಕೇಳಿದ್ರಿ. ಅದು ಕೆಲಸ ಅಲ್ಲ, ಕೇಕ್."

ಗಿಟ್ಟಾಗೆ ಮೈ ಉರಿದುಹೋಯಿತು. ಆದರೂ ತುಟಿ ಕಚ್ಚಿಕೊಂಡು ಕೇಳಿದಳು, ಆಂಟ್ಯೆ ಹೇಳಿದಳು. ಪ್ರತಿ ಹುಡುಕಾಟದ ಕೆಳಗೆ 'ಇದು ಸರಿಯಿಲ್ಲ' ಎಂಬ ಗುಂಡಿ ಇದೆ. ಗಿರಾಕಿ ತಾನಾಗಿಯೇ ಅದನ್ನು ಒತ್ತಿದರೆ ಮಾತ್ರ ಅವರು ಹುಡುಕಿದ ಮಾತು ವೆಂಕೆಗೆ ಬರುತ್ತದೆ. ಜೊತೆಗೆ ಬೇಕಾದರೆ ಎರಡು ಸಾಲು ಬೈಯಬಹುದು. ಸಂಖ್ಯೆ ಬರುವುದಿಲ್ಲ, ಊರು ಬರುವುದಿಲ್ಲ. ಹುಡುಕಾಟ ಸುಧಾರಿಸಲು ಇವರಿಗಿರುವ ದಾರಿ ಅದೊಂದೇ. ಮೇಜಿಗೆ ಕೂರುವ ಮುಂಚೆ ಎಲ್ಲರೂ ಫೋನನ್ನು ಬ್ರೆಡ್ ಡಬ್ಬಿಯೊಳಗೆ ಹಾಕುತ್ತಾರೆ. ವೆಂಕೆ ಗಟ್ಟಿಯಾಗಿ ಓದುತ್ತಾಳೆ, ಯಾರೂ ಬರೆದುಕೊಳ್ಳುವುದಿಲ್ಲ. ಓದಿದ ಮೇಲೆ ಎಲ್ಲರ ಎದುರಿಗೇ ಅಳಿಸುತ್ತಾಳೆ.

"ಎಷ್ಟು ಬರುತ್ತೆ?"

"ಕೇಳ್ಬೇಡಿ. ಬೇರೆ ದೇಶದ ಗಿರಾಕಿಗಳು ಸುಮ್ಮನೆ ಬಿಟ್ಟು ಹೋಗ್ತಾರೆ. ನಮ್ಮವರು ಕಾಗುಣಿತ ತಪ್ಪಿದ್ರೂ ಗುಂಡಿ ಒತ್ತುತ್ತಾರೆ. ಒಬ್ಬಳಿದ್ದಾಳೆ, ಮೇಷ್ಟ್ರಮ್ಮ ಅಂತ ಹೆಸರಿಟ್ಟಿದ್ದೀವಿ. ವಾರಕ್ಕೆ ಹತ್ತು ದೂರು ಅವಳದ್ದೇ. ಬರೆಯೋ ಧಾಟೀಲೇ ಗೊತ್ತಾಗುತ್ತೆ. ಎರಡು ವರ್ಷದಿಂದ ನಮ್ಮ ಚರ್ಮ ಸುಲೀತಿದ್ದಾಳೆ." ಆಂಟ್ಯೆ ಮೊದಲ ಬಾರಿಗೆ ಸ್ವಲ್ಪ ನಕ್ಕಳು. "ಅವತ್ತು ಮಾವ ಬಂದ ದಿನವಂತೂ ನಕ್ಕೂ ನಕ್ಕೂ ಸಾಕಾಯ್ತು. ಗ್ರಿಮ್ಮಾದ ಯಾವುದೋ ವಸತಿ ಪಟ್ಟಿ ಹಳೇದು ಅಂತ ಬೈದಿದ್ದಳು. ಅಲ್ಲಿ ಆಮೆ ಕರ್ಕೊಂಡು ಹೋಗ್ಬಹುದಾ ಅನ್ನೋದನ್ನೂ ಹಾಕಿಲ್ಲ ಅಂತ. ಆಮೆ!"

ಗಿಟ್ಟಾ ಈ ಆಮೆಯ ಮಾತನ್ನು ಮೊದಲೇ ಕೇಳಿದ್ದಳು.

ಅಡಗಿದ್ದ ಆ ಹೆಂಗಸು ಮರುದಿನ ಮತ್ತೆ ಕಚೇರಿಗೆ ಫೋನ್ ಮಾಡಿದಾಗ ಗಿಟ್ಟಾಳೇ ಅವಳೊಡನೆ ಮಾತಾಡಿದ್ದಳು. ಆಗ ಒಂದು ಮಾತು ಹೇಳಿದ್ದಳು. ಗಂಡ ಕೊನೆಯಲ್ಲಿ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ, 'ಆಮೆಗೂ ಜಾಗ ಸಿಕ್ತಾ?' ಎಂದು ಕೇಳಿದನಂತೆ. ಮಗಳು ಆಮೆಯನ್ನು ಬಿಟ್ಟು ಬರಲು ಒಪ್ಪಿರಲಿಲ್ಲ. ಈ ಒಂದು ಮಾತನ್ನು ಗಿಟ್ಟಾ ಯಾರಿಗೂ ಹೇಳಿರಲಿಲ್ಲ. ತಪ್ಪಿತಸ್ಥ ತಾನಾಗಿ ಬಾಯಿ ಬಿಡಲಿ ಎಂದು ಒಂದು ಸುಳಿವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹಳೆಯ ಪೊಲೀಸ್ ಚಾಳಿ. ಮೊದಲ ದಿನವೇ ವೆಂಕೆಯ ಎದುರು ಆಮೆ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಆಂಟ್ಯೆ, ನಿಮ್ಮ ಮೇಷ್ಟ್ರಮ್ಮ ಯಾರು ಗೊತ್ತಾ? ಅಳುತ್ತಾ ಫೋನ್ ಮಾಡಿದವಳೇ ಅವಳು."

ಆಂಟ್ಯೆಯ ನಗು ಮುಖದ ಮೇಲೇ ಉಳಿದುಹೋಯಿತು, ತೆಗೆಯುವುದು ಮರೆತಂತೆ.

"ಅವಳು ಏನು ತಪ್ಪು ಕಂಡ್ರೂ ಬಿಡೋಳಲ್ಲ ಅಂತ ಅವಳ ಗಂಡನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕವರಿಗೆ ನೋಟು ಹಾಕಿ ನಿಮಗೆ ಕಳಿಸೋದನ್ನ ಮನೇಲಿ ನೋಡಿದ್ದಾನೆ. ನೀವು ದೂರನ್ನ ಗಟ್ಟಿಯಾಗಿ ಓದೋದನ್ನ ಪತ್ರಿಕೇಲಿ ಓದಿದ್ದಾನೆ. ಬಂದ, ಕೇಕ್ ತಿಂದ, ಊರಿನ ಹೆಸರು ಕೇಳ್ಕೊಂಡು ಹೋದ. ಗ್ರಿಮ್ಮಾ ಎಷ್ಟು ದೊಡ್ಡದು? ಆಮೆ ನೋಡೋ ಪಶುವೈದ್ಯರು ಅಲ್ಲಿ ಎಷ್ಟು ಜನ?"

"ನಾವು ನಕ್ವಿ," ಎಂದಳು ಆಂಟ್ಯೆ. "ಅವನೂ ನಕ್ಕ."

"ಅವಳು ಫೋನ್ ಮಾಡಿದಾಗ ನೀವೇನು ಹೇಳಿದ್ರಿ?"

"ನಮ್ಮಲ್ಲಿ ಏನೂ ಉಳಿಯೋಲ್ಲ, ನಿಮ್ಮ ಫೋನಲ್ಲೇ ಏನೋ ಇರ್ಬೇಕು, ಬೇರೆ ಫೋನ್ ತಗೊಳ್ಳಿ, ಧೈರ್ಯವಾಗಿ ಹುಡುಕಿ ಅಂತ." ಅವಳ ದನಿ ಇಳಿಯಿತು. "ನಾನು ಅದನ್ನ ನಂಬಿದ್ದೆ."

"ಆ ಮನುಷ್ಯ ಮತ್ತೆ ಯಾವಾಗ ಬರ್ತಾನೆ?"

"ಇವತ್ತು ಮಧ್ಯಾಹ್ನ. ಸಹಿ ಮಾಡೋಕೆ."

"ಇವತ್ತಿನ ಕೇಕ್ ಯಾರು ತಂದದ್ದು?"

 ಇಬ್ಬರೂ ಒಟ್ಟಿಗೇ ಅಡುಗೆಮನೆಗೆ ಓಡಿದರು.

ಅಡುಗೆಮನೆಯಲ್ಲಿ ಕಾಫಿಯ ವಾಸನೆ ಹರಡಿತ್ತು. ಟಿಲ್ಮನ್ ಈಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. ಮೇಜಿನ ಮೇಲೆ ಅರ್ಧ ಕತ್ತರಿಸಿದ ಮೊಟ್ಟೆ ಕೇಕ್, ಬಟ್ಟಲಿನ ತಳದ ಹೂವು ಕಾಣುವಷ್ಟು ತೆಳು ಕಾಫಿ. ವೆಂಕೆ ಓದುವುದನ್ನು ಮುಗಿಸಿ ಕನ್ನಡಕ ತೆಗೆಯುತ್ತಿದ್ದಳು.

"ಎಲ್ಲಿದ್ರಿ ಎಲ್ಲರೂ? ಟಿಲ್ಮನ್, ನಿನ್ನ ಮಾವ ಎಷ್ಟು ಹೊತ್ತು ಕಾಯೋದು? ಹುಡುಗರೂ ಇವತ್ತು ರಜೆ. ಪಾಪ, ನಾನೊಬ್ಬಳೇ ಓದಿ ಅವರೊಬ್ಬರೇ ಕೇಳಿದ್ರು."

"ಈಗ ಎಲ್ಲಿ?"

"ಕಾರಿಗೆ ಪಾರ್ಕಿಂಗ್ ಚೀಟಿ ಹಾಕಿಲ್ಲ ಅಂತ ಓಡಿದ್ರು. ಬರ್ತಾರೆ."

ಗಿಟ್ಟಾ ಬ್ರೆಡ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ವೆಂಕೆಯ ಫೋನೊಂದೇ ಇತ್ತು. ಮೇಜಿನ ಆ ತುದಿಯ ತಟ್ಟೆಯಲ್ಲಿ ಕೇಕಿಗೆ ಚಮಚವೂ ತಾಗಿರಲಿಲ್ಲ.

"ಮೇಷ್ಟ್ರಮ್ಮನ ದೂರು ಇತ್ತಾ?"

"ಇಲ್ಲದೆ ಇರುತ್ತಾ? ಇವತ್ತು ಬೆಳಿಗ್ಗೆ ಬಂದದ್ದು." ವೆಂಕೆ ಎಲ್ಲರ ಮುಖ ನೋಡಿ ಹೆದರಿದಳು. "ಟೋರ್ಗಾವ್‌ನಿಂದ ಓಶಾಟ್ಸ್‌ಗೆ ಮಧ್ಯಾಹ್ನ ಎರಡು ಗಂಟೆಯ ಬಸ್ಸು ಕೇಳಿದ್ರೆ ರಜಾದಿನದ ವೇಳೆ ತೋರಿಸಿದ್ದೀರಿ, ಇವತ್ತು ರಜಾ ಅಲ್ಲ, ನನಗೆ ಅದೇ ಬಸ್ಸು ಬೇಕು, ತಿದ್ದಿ ಅಂತ. ಯಾಕೆ? ನಾನೇನು ತಪ್ಪು ಮಾಡಿದೆ?"

 ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಟೋರ್ಗಾವ್‌ಗೆ ಕಾರಿನಲ್ಲಿ ಒಂದು ಗಂಟೆಯ ಹಾದಿ. ಈ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ ಕೂತು ಗಿಟ್ಟಾ ಹೂಡಿಕೆ, ಹುಟ್ಟುಹಬ್ಬ ಎಂದು ಜಗಳವಾಡುತ್ತಿದ್ದಾಗ, ಇಲ್ಲಿ ಊರೂ ಬಸ್ಸೂ ಕೇಕಿನ ಜೊತೆಗೇ ಬಡಿಸಲ್ಪಟ್ಟಿದ್ದವು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಟೋರ್ಗಾವ್ ಠಾಣೆಗೆ ಫೋನ್ ಹಚ್ಚಿದಳು. ಫೋನೆತ್ತಿದವನು ಒಳ್ಳೆಯವನೇ. ಹೆಂಗಸಿನ ಹೆಸರು ಕೇಳಿದ. ಗೊತ್ತಿಲ್ಲ. ವಯಸ್ಸು? ಗೊತ್ತಿಲ್ಲ. ಹೇಗಿದ್ದಾಳೆ?

"ಜೊತೆಗೆ ಒಂದು ಹೆಣ್ಣುಮಗು. ಒಂದು ಆಮೆ."

"ಆಮೆ ಹೊರಗೆ ಕಾಣುತ್ತಾ ಮೇಡಂ?"

"ಪೆಟ್ಟಿಗೇಲಿರ್ಬಹುದು. ನನಗೇನು ಗೊತ್ತು. ಬಸ್‌ಸ್ಟಾಂಡಿಗೆ ಯಾರನ್ನಾದ್ರೂ ಕಳಿಸಿ ಮಾರಾಯ್ರೆ."

ನೋಡುತ್ತೇನೆ ಎಂದ ಅವನು. ನೋಡುತ್ತೇನೆ ಎನ್ನುವವರ ದನಿ ಹೇಗಿರುತ್ತದೆಂದು ಗಿಟ್ಟಾಗೆ ಚೆನ್ನಾಗಿ ಗೊತ್ತಿತ್ತು.

ಫೋನಿಟ್ಟು ತಿರುಗಿದಳು. "ಆ ಬಸ್ಸು ಹುಡುಕಿದವರಿಗೆ, ಪುಟದ ಮೇಲ್ಗಡೆ ಒಂದು ಸಾಲು ಕಾಣೋ ಹಾಗೆ ಹಾಕೋಕೆ ಆಗುತ್ತಾ?"

ಟಿಲ್ಮನ್ ಆಂಟ್ಯೆಯ ಮುಖ ನೋಡಿದ. ಕೈಯಿಂದ ಒಂದಕ್ಷರವನ್ನೂ ಸೇರಿಸುವುದಿಲ್ಲ, ಎಲ್ಲರಿಗೂ ಕಾಣುವುದು ಒಂದೇ ಪುಟ. ಇದು ಪ್ಲೈಸೆಯ ಮೊದಲ ಪ್ರತಿಜ್ಞೆ. ಹೊರಬಾಗಿಲ ಮೇಲೆ ಹಿತ್ತಾಳೆಯ ಹಲಗೆಯಲ್ಲಿ ಕೊರೆಸಿದ್ದರು.

"ಆಗುತ್ತೆ," ಎಂದ. "ಆದ್ರೆ ಅವನೂ ಅದೇ ಮಾತು ಕೇಳ್ಕೊಂಡು ಹೋಗಿದ್ದಾನೆ. ಅವನು ಹುಡುಕಿದ್ರೆ ಅವನಿಗೂ ಕಾಣುತ್ತೆ."

"ಕಾಣ್ಲಿ. ಅವಳು ಆ ಬಸ್ಸು ಹತ್ತದಿದ್ರೆ ಸಾಕು. ಆಂಟ್ಯೆ?"

ಆಂಟ್ಯೆ ಎಲ್ಲರಿಗಿಂತ ಮುಂದೆ ಕೆಲಸದ ಕೋಣೆಗೆ ನಡೆದು ಟಿಲ್ಮನ್‌ನ ಕುರ್ಚಿಯಲ್ಲಿ ಕೂತಳು. ತಾನೇ ಟೈಪು ಮಾಡಿದಳು. 

'ಈ ಬಸ್ಸು ಹತ್ತಬೇಡಿ. ನೀವು ಯಾರಿಂದ ಅಡಗಿದ್ದೀರೋ ಅವನಿಗೆ ತಿಳಿದಿದೆ. ಕೂಡಲೇ ಪೊಲೀಸರಿಗೆ ಫೋನ್ ಮಾಡಿ.'

ಆಮೇಲೆ ಕಾಯುವುದು. ಅವಳು ಮತ್ತೆ ಹುಡುಕುತ್ತಾಳೋ ಇಲ್ಲವೋ, ಹುಡುಕಿದರೂ ಇವರಿಗೆ ಕಾಣುವುದಿಲ್ಲ. ಕಾಣದಂತೆ ಇವರೇ ಕಟ್ಟಿದ್ದು. ಗಿಟ್ಟಾ ಕೋಟು ಹಾಕಿಕೊಂಡು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊರಡಲೂ ಆಗದೆ, ನಿಲ್ಲಲೂ ಆಗದೆ ಒದ್ದಾಡಿದಳು.

ಪಕ್ಕದ ಮೇಜಿನಲ್ಲಿ ವೆಂಕೆಯ ಪರದೆ ಮಿಣುಕಿತು.

"ದೂರು," ಎಂದಳು ವೆಂಕೆ.  "ಅದೇ ಬಸ್ಸಿನ ಮೇಲೆ ಎರಡು ದೂರು. ಒಂದರ ಹಿಂದೆ ಒಂದು."

"ಓದಿ."

"ಒಂದನೇದು. 'ತುಂಬಾ ಧನ್ಯವಾದಗಳು. ನಿಮ್ಮ ಎಚ್ಚರಿಕೆ ನೋಡಿದೆ. ಕೈಕಾಲು ನಡುಗುತ್ತಿದೆ. ಪೊಲೀಸರೆಂದರೆ ನನಗೆ ಭಯ. ನಾನೂ ಮಗಳೂ ಈಗ ಎಲ್ಲಿಗೆ ಹೋಗೋಣ? ದಯವಿಟ್ಟು ಅಲ್ಲಿಯೇ ಬರೆದು ತಿಳಿಸಿ.'"

ಆಂಟ್ಯೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು. "ನೋಡಿದ್ಲು. ದೇವರೇ, ನೋಡಿದ್ಲು." ಕೈ ಆಗಲೇ ಕೀಲಿಮಣೆಯ ಮೇಲಿತ್ತು. "ನನ್ನ ಅಕ್ಕ ವುರ್ತ್ಸೆನ್‌ನಲ್ಲಿದ್ದಾಳೆ. ಅವಳ ಮನೆ ವಿಳಾಸ ಹಾಕ್ತೀನಿ. ನಾನೇ ಹೋಗಿ..."

ಬೀದಿ ಹೆಸರು ಅರ್ಧ ಟೈಪಾಗಿತ್ತು.

"ಎರಡನೇದು?" ಎಂದಳು ಗಿಟ್ಟಾ.

"ಅದ್ಯಾಕೆ ಈಗ?"

"ಓದಿ ವೆಂಕೆ."

ವೆಂಕೆ ಕನ್ನಡಕ ಸರಿಮಾಡಿಕೊಂಡಳು. "'ಜಾಹೀರಾತು ಇಲ್ಲವೆಂದು ನಂಬಿ ಎರಡು ವರ್ಷದಿಂದ ದುಡ್ಡು ಕೊಡುತ್ತಿದ್ದೇನೆ. ಬಸ್ಸಿನ ವೇಳೆ ಕೇಳಿದರೆ ಯಾವುದೋ ಪತ್ತೇದಾರಿ ಸಿನಿಮಾದ ಜಾಹೀರಾತು ಹಾಕಿದ್ದೀರಿ. ನಾಚಿಕೆಯಾಗಬೇಕು. ಬೆಳಗಿನ ತಪ್ಪನ್ನೂ ಇನ್ನೂ ತಿದ್ದಿಲ್ಲ. ನಾನು ಬಸ್‌ಸ್ಟಾಂಡಿಗೇ ಹೋಗಿ ಕೇಳಿಕೊಳ್ಳುತ್ತೇನೆ. ಇನ್ನು ನಿಮ್ಮ ತಾಣವನ್ನು ತೆರೆಯುವುದಿಲ್ಲ.'"

ಗಿಟ್ಟಾ ಎರಡು ಹೆಜ್ಜೆಗೆ ಕೋಣೆ ದಾಟಿ ಆಂಟ್ಯೆಯ ಮಣಿಕಟ್ಟು ಹಿಡಿದಳು. ಬೆರಳು ಗುಂಡಿಯಿಂದ ಕೂದಲೆಳೆಯಷ್ಟು ಮೇಲಿತ್ತು.

"ವೆಂಕೆ, ಈ ಎರಡರಲ್ಲಿ ಒಂದು ಅವನು ಬರೆದದ್ದು. ನಿಮ್ಮ ಮೇಷ್ಟ್ರಮ್ಮ ಎರಡು ವರ್ಷದಲ್ಲಿ ಒಂದು ಸಲವಾದ್ರೂ ಧನ್ಯವಾದ ಹೇಳಿದ್ದುಂಟಾ?"

ವೆಂಕೆ ಇಲ್ಲವೆಂದು ತಲೆಯಾಡಿಸಿದಳು.